ಚಾಲಗೇಣಿಯ ಮುತ್ತಜ್ಜನನ್ನು ಹುಡುಕಿಕೊಟ್ಟವರಿಗೆ

ಉಡುಪಿ ಕಡೆಯ ಹಳ್ಳಿಯೊಂದರಲ್ಲಿ ಚಾಲಗೇಣಿಗೆ (ಧಣಿ ಬೇಡವೆಂದರೆ ಬಿಡಬೇಕಾದ ಗೇಣಿಗೆ) ಗದ್ದೆ ಮಾಡಿಕೊಂಡಿದ್ದ ನಮ್ಮ ಮುತ್ತಜ್ಜನ ಚರಿತ್ರೆ ಅಂತೂ ಪುಸ್ತಕದ ರೂಪದಲ್ಲಿ ಕುಟುಂಬದವರ ಕೈ ಸೇರಿದೆ. ನೆರವಾದವರಿಗೆ ಬರೀ ‘ಧನ್ಯವಾದ’ ಎಂದರೆ ಸಾಲದು. ಯಾರು ಏನು ಮಾಡಿಕೊಟ್ಟರೆಂದು ಬಿಡಿಸಿ ಹೇಳಿದರೆ ಇನ್ನೊಂದು ಮನೆಯವರಿಗೂ ಉಪಯೋಗವಾದೀತು.

ಮೊದಲ ನಮಸ್ಕಾರ ತಾಲೂಕು ಕಚೇರಿಯ ರೆಕಾರ್ಡ್ ರೂಮಿನವರಿಗೆ. ಮೂಲಗೇಣಿ, ಅಂದರೆ ಶಾಶ್ವತ ಗೇಣಿಗಾದರೆ ಪತ್ರ ಇರುತ್ತದೆ. ಚಾಲಗೇಣಿ ಹೆಚ್ಚಾಗಿ ಬಾಯಿಮಾತಿನದಾಗಿತ್ತು, ವರ್ಗ (ಜಮೀನಿನ ಕಂದಾಯ ಖಾತೆ) ಇದ್ದದ್ದು ಧಣಿಗಳ ಹೆಸರಲ್ಲಿ. ಒಕ್ಕಲಿನ (ಗೇಣಿದಾರನ) ಹೆಸರು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ. ಸರ್ವೆ ನಂಬರ್ ಕೊಟ್ಟು ಭೂನ್ಯಾಯ ಮಂಡಳಿಯ ಕಡತ ಕೇಳಿ ಎಂದು ದಾರಿ ತೋರಿಸಿದವರು ಇವರೇ. ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದ ಮೇಲೆ ಒಕ್ಕಲುಗಳು ತಾವು ಉಳುತ್ತಿದ್ದ ಭೂಮಿಯ ಹಕ್ಕು ಕೋರಿ ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟರು. ಅದಕ್ಕೆ ಕಡೆಯ ದಿನ 1979ರ ಜೂನ್ 30. ಅರ್ಜಿಗಿಂತ ಅದರ ಹಿಂದಿರುವ ಹೇಳಿಕೆಗಳೇ ಹೆಚ್ಚು ಬೆಲೆಯವು. ಎಂದಿನಿಂದ ಸಾಗುವಳಿ ಎಂದು ತೋರಿಸಬೇಕಿದ್ದರಿಂದ ಅಜ್ಜನ, ಮುತ್ತಜ್ಜನ ಹೆಸರುಗಳು ಅಲ್ಲಿ ಬರುತ್ತವೆ. ವಿಚಾರಣೆಯ ನಡುವೆ ಅರ್ಜಿದಾರ ತೀರಿಕೊಂಡಿದ್ದರೆ ವಾರಸುದಾರರ ಪಟ್ಟಿಯೂ ಸಿಗುತ್ತದೆ.

ಹಳೆಯ ಗೇಣಿ ರಶೀದಿಗಳನ್ನು ಓದಿಕೊಟ್ಟ ನಿವೃತ್ತ ಮೇಷ್ಟ್ರಿಗೆ ಎಷ್ಟು ಹೇಳಿದರೂ ಕಡಿಮೆ. ಒಂದರಲ್ಲಿ ಇದ್ದದ್ದು ‘ಪರಾಭವ ಸಂವತ್ಸರ’ ಎಂದಷ್ಟೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ ಅದು 1906–07 ಆಗಬಹುದು, 1966–67 ಕೂಡ. ಸ್ಟಾಂಪಿನಲ್ಲಿ ರಾಜನ ತಲೆ ಇದ್ದುದರಿಂದ ಮೊದಲನೆಯದೇ ಎಂದರು. ರುಜು ಹಾಕಿದ ಧಣಿಯ ಹೆಸರನ್ನು ಹಳೆಯ ಅಡಂಗಲಿನೊಂದಿಗೆ (ಗ್ರಾಮದ ಜಮೀನು ಲೆಕ್ಕದ ಪುಸ್ತಕದೊಂದಿಗೆ) ತಾಳೆ ನೋಡಿದಾಗ ಅದು ಖಚಿತವಾಯಿತು. ಮದ್ರಾಸು ಸರಕಾರದ ಕಾಲದ ಕಾಗದಗಳಲ್ಲಿ ಫಸಲಿ (ಕಂದಾಯ ಲೆಕ್ಕದ) ವರ್ಷ ಇದ್ದರೆ ಇಸವಿ ತಿಳಿಯಲು 590 ಕೂಡಿಸಬೇಕು, ಆದರೆ ಅದು ಜುಲೈಯಲ್ಲಿ ಶುರು: ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್. ಗೇಣಿ ಬರೆದದ್ದು ಅಕ್ಕಿ ಮುಡಿಯ ಲೆಕ್ಕದಲ್ಲಿ. ಮುಡಿಗೆ ಮೂರು ಕಳಸೆ, ಅಂದರೆ 42 ಸೇರು.

ಹಳೆ ದಾಖಲಾತಿ ಪುಸ್ತಕ ತೆರೆದು ತೋರಿಸಿದ ಶಾಲೆಯ ಹೆಡ್‌ಮಾಸ್ಟರರಿಗೂ ಕೃತಜ್ಞತೆ. ಅಲ್ಲಿ ಹುಟ್ಟಿದ ತಾರೀಕನ್ನು ನಂಬುವ ಹಾಗಿಲ್ಲ, ಎಷ್ಟೋ ಅಂದಾಜಿನವು. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಗಳಲ್ಲಿ ಪೋಷಕರ ಕಾಲಮಿನಲ್ಲಿ ತಂದೆಯ ಬದಲು ಸೋದರಮಾವ ಇರುವುದುಂಟು. ಅವನನ್ನೇ ಅಪ್ಪ ಎಂದುಕೊಂಡರೆ ಇಡೀ ವಂಶವೃಕ್ಷ ಬೇರೆ ಮನೆಗೆ ಹೋಗುತ್ತದೆ! ತುಕ್ರ, ತನಿಯ, ಐತ ಹುಟ್ಟಿದ ವಾರದಿಂದ ಬಂದ ಹೆಸರುಗಳಾದ್ದರಿಂದ ಒಂದೇ ಗ್ರಾಮದಲ್ಲಿ ಹಲವರಿಗೆ ಇರುತ್ತವೆ. ಅವರಲ್ಲಿ ನಮ್ಮವರು ಯಾರೆಂದು ಬರಿ (ತಾಯಿಯ ಕಡೆಯ ಕುಲದ ಹೆಸರು) ಮತ್ತು ಮನೆಹೆಸರು ಹಿಡಿದು ಬೇರ್ಪಡಿಸಿಕೊಟ್ಟವರು ಆಚೆಮನೆಯ ಹಿರಿಯಮ್ಮ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿಸಿಕೊಂಡು ಇಂಡೆಕ್ಸ್ 1 ಮತ್ತು 2 ನೋಡಲು ಬಿಟ್ಟವರಿಗೂ ವಂದನೆ. ಮೊದಲನೆಯದು ಹೆಸರಿನದು, ಎರಡನೆಯದು ಆಸ್ತಿಯದು.

ಕುಟುಂಬದವರಲ್ಲಿ ಒಂದು ವಿನಂತಿ. ಅಟ್ಟದ ಪೆಟ್ಟಿಗೆಯಲ್ಲಿ ಇನ್ನೂ ರಶೀದಿಗಳಿದ್ದರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದು ಕಳಿಸಿ. ಬಾಕಿ ಮುಡಿಯ ಲೆಕ್ಕ ಹಿಂಬದಿಯಲ್ಲೂ ಇರಬಹುದು.