ಫೈಬರ್ ಬಂತು, ಅಡುಗೆಮನೆಗೆ ವೈಫೈ ಬರಲಿಲ್ಲ

ಮಾನ್ಯ ಸಂಪಾದಕರೇ,

ಹಳ್ಳಿಗಳಿಗೆ ಇಂಟರ್‌ನೆಟ್ ಬೇಕು, ಟವರ್ ಬೇಕು ಅನ್ನೋ ಸುದ್ದಿ, ಮನವಿಗಳನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅದು ಬೇಕಾದದ್ದೇ. ಆದರೆ ಫೈಬರ್ ಬಂದ ಮನೆಗಳ ಒಳಗೆ ಏನಾಗ್ತಿದೆ ಅಂತ ಯಾರೂ ಬರೆಯುತ್ತಿಲ್ಲ. ನಮ್ಮ ಶಿರಸಿ ಕಡೆ ಬಹಳ ಮನೆಗಳಲ್ಲಿ ಲೈನ್ ಸರಿಯಾಗಿದೆ, ತಿಂಗಳ ದುಡ್ಡನ್ನೂ ಕಟ್ಟುತ್ತಾರೆ, ಆದರೂ ಜಗಲಿಯಿಂದ ಎರಡು ಗೋಡೆ ದಾಟಿ ಒಳಗೆ ಹೋದರೆ ವೈಫೈ ಇಲ್ಲ.

ಇದು ಹೇಗಾಗುತ್ತದೆ ಅಂದರೆ, ಕನೆಕ್ಷನ್ ಕೊಡಲು ಬಂದವರು ಕೇಬಲ್ ಮನೆಗೆ ಎಲ್ಲಿ ತಾಗುತ್ತದೋ ಅಲ್ಲೇ, ಜಗಲಿಯ ಕಿಟಕಿ ಪಕ್ಕ, ಮೊಳೆ ಹೊಡೆದು ರೂಟರ್ (ವೈಫೈ ಕೊಡುವ ಡಬ್ಬಿ) ನೇತು ಹಾಕುತ್ತಾರೆ. ಅದರ ಎದುರೇ ನಿಂತು ಮೊಬೈಲಿನಲ್ಲಿ ಸ್ಪೀಡ್ ತೋರಿಸಿ ಹೊರಡುತ್ತಾರೆ. ಅಡುಗೆಮನೆಗೆ, ಮೆತ್ತಿಗೆ (ಮಹಡಿಗೆ), ಹಿಂದಿನ ಕೋಣೆಗೆ ಬರುತ್ತದೋ ಇಲ್ಲವೋ ಅಂತ ಯಾರೂ ನೋಡುವುದಿಲ್ಲ. ಹೀಗಾಗಿ ರೂಟರಿನ ಅರ್ಧ ಸಿಗ್ನಲ್ ಅಂಗಳದ ಅಡಿಕೆಗೆ ಹೋಗುತ್ತದೆ. ಮನೆಯವರು ಕಂಪನಿಗೆ ಫೋನ್ ಮಾಡಿ ನೆಟ್ ಸರಿ ಇಲ್ಲ ಅಂತ ದೂರುತ್ತಾರೆ, ಕಂಪನಿಯವರು ನಮ್ಮ ಕಡೆಯಿಂದ ಸರಿ ಇದೆ ಅನ್ನುತ್ತಾರೆ, ಇಬ್ಬರು ಹೇಳುವುದೂ ನಿಜ!

ಪೇಟೆಯವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ವೈಫೈ ಇಲ್ಲದಿದ್ದರೆ ಮೊಬೈಲ್ ಡಾಟಾ ಇದೆಯಲ್ಲ, ಅಷ್ಟೇ ಅಲ್ವಾ ಅನ್ನುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಣಿವೆಯ ಊರುಗಳಲ್ಲಿ ಎಷ್ಟೋ ಮನೆಯೊಳಗೆ ಮೊಬೈಲ್ ಸಿಗ್ನಲ್ಲೇ ಇಲ್ಲ. ಫೋನಿನಲ್ಲಿ ಮಾತಾಡಬೇಕು ಅಂದರೆ ಗುಡ್ಡ ಹತ್ತಬೇಕು, ಇಲ್ಲವೇ ಅಂಗಳದ ಮೂಲೆಯಲ್ಲಿ ನಿಲ್ಲಬೇಕು. ಇಂಥ ಮನೆಗೆ ವೈಫೈ ಅಂದರೆ ಬರೀ ವಿಡಿಯೋ ನೋಡುವುದಲ್ಲ, ಅದೇ ಫೋನು. 2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ನಮ್ಮ ದೇಶದಲ್ಲಿ ವೈಫೈ ಕಾಲಿಂಗ್ ಶುರು ಮಾಡಿದವು. ಈ ಸೌಲಭ್ಯ ಇರುವ ಫೋನಿನ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿಟ್ಟರೆ ಟವರ್ ಇಲ್ಲದಿದ್ದರೂ ಮಾಮೂಲಿ ನಂಬರಿನಿಂದಲೇ ಕಾಲ್ ಹೋಗುತ್ತದೆ, ಬರುತ್ತದೆ. ಆಚೆ ಕಡೆಯವರಿಗೆ ವೈಫೈ ಇರಬೇಕೆಂದೂ ಇಲ್ಲ. ಬ್ಯಾಂಕಿನ ಒಟಿಪಿ ಕೂಡ ಬಹಳ ಫೋನುಗಳಲ್ಲಿ ಹೀಗೇ ಬರುತ್ತದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆ ನಮ್ಮಲ್ಲಿ ಎಷ್ಟಿವೆ ಅಂತ ನಿಮಗೂ ಗೊತ್ತು. ಅಮ್ಮ ಹಗಲೆಲ್ಲ ಇರುವುದು ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಕಡೆ. ರಾತ್ರಿ ಮಲಗುವುದು ಒಳಗಿನ ಕೋಣೆಯಲ್ಲಿ. ಅಲ್ಲಿ ಬರದ ವೈಫೈ ಜಗಲಿಯಲ್ಲಿ ಎಷ್ಟು ಜೋರಾಗಿ ಬಂದರೇನು? ರಾತ್ರಿ ಎದೆನೋವು ಬಂದರೆ ಜಗಲಿಗೆ ಎದ್ದು ಬಂದು ಫೋನ್ ಮಾಡಿ ಅನ್ನಲಿಕ್ಕೆ ಆಗುತ್ತದೆಯೇ?

ತೊಂದರೆ ಇರುವುದು ನಮ್ಮ ಗೋಡೆಗಳಲ್ಲಿ. ಕಾರವಾರ, ಅಂಕೋಲಾ, ಕುಮಟಾ ಕಡೆ ಚಿರೆಕಲ್ಲಿನ ಗೋಡೆ, ಘಟ್ಟದ ಮೇಲಿನ ಹಳೇ ಮನೆಗಳಲ್ಲಿ ಮೊಳ ದಪ್ಪದ ಮಣ್ಣಿನ ಗೋಡೆ. ಮಳೆಗಾಲದಲ್ಲಿ ಅದು ನೆನೆದು ಕೂತರೆ ಸಿಗ್ನಲ್ ಇನ್ನೂ ಕಷ್ಟ, ಯಾಕೆಂದರೆ ನೀರು ಈ ತರಂಗವನ್ನು ಹೀರುತ್ತದೆ. ಈಗಿನ ಬಹಳ ರೂಟರುಗಳು ಎರಡು ಬಗೆಯ ಸಿಗ್ನಲ್ ಕೊಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಐದರದ್ದು ವೇಗ ಜಾಸ್ತಿ, ಆದರೆ ದಪ್ಪ ಗೋಡೆ ಎದುರು ಸೋಲುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ವೈಫೈ ಹೆಸರಿನ ಕೊನೆಗೆ 5ಜಿ ಅಂತ ಕಂಡರೆ ಜನ ಅದನ್ನೇ ಒತ್ತುತ್ತಾರೆ. ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧ ಇಲ್ಲ. ಹಳ್ಳಿಮನೆಯ ಹಿಂದಿನ ಕೋಣೆಗೆ 2.4 ಒಳ್ಳೆಯದು. ಪಕ್ಕದ ಮನೆ ತೋಟದಾಚೆ ಇರುವುದರಿಂದ ಬೇರೆಯವರ ವೈಫೈ ಅಡ್ಡ ಬರುವುದೂ ಇಲ್ಲ. ಕಾರವಾರದ ಫ್ಲ್ಯಾಟುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಮೇಲೆ ಕೆಳಗೆ ಎಲ್ಲರ ರೂಟರೂ ಒಂದೇ ಚಾನೆಲ್‌ನಲ್ಲಿ, ಅಂದರೆ 2.4ರೊಳಗಿನ ಒಂದೇ ಓಣಿಯಲ್ಲಿ, ಗಲಾಟೆ ಮಾಡುತ್ತಿರುತ್ತವೆ, ಸೆಟ್ಟಿಂಗ್‌ನಲ್ಲಿ 1, 6, 11 ಈ ಮೂರರಲ್ಲಿ ಖಾಲಿ ಇದ್ದದ್ದನ್ನು ಆರಿಸಿಕೊಳ್ಳಬೇಕು.

ನಮ್ಮ ನೆಂಟರ ಮನೆಯೊಂದರಲ್ಲಿ ರೂಟರ್ ಜಗಲಿಯಲ್ಲಿತ್ತು, ಗೋಡೆಯ ಆಚೆ ಬದಿಗೆ ಸರಿಯಾಗಿ ಕಬ್ಬಿಣದ ಕಪಾಟು. ಕಬ್ಬಿಣ ದಾಟಿ ಸಿಗ್ನಲ್ ಹೋಗುವುದಿಲ್ಲ. ಅದೇ ರೂಟರನ್ನು ನಡುಮನೆಗೆ ತಂದು, ಬಾಗಿಲಿನ ನೇರಕ್ಕೆ, ಆಳೆತ್ತರದಲ್ಲಿ ಇಟ್ಟ ಮೇಲೆ ಅಡುಗೆಮನೆಯಲ್ಲೂ ವಿಡಿಯೋ ಕಾಲ್ ಕಡಿಯದೆ ನಡೆಯುತ್ತದೆ. ಬೇರೆ ಏನೂ ಕೊಳ್ಳಲಿಲ್ಲ. ಫೈಬರನ್ನು ಒಳಗೆ ಎಳೆಯಲು ಮಾತ್ರ ಲೈನಿನವರನ್ನೇ ಕರೆಯಬೇಕು, ಅದು ಗಾಜಿನ ಎಳೆ, ಚೂಪಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ.

ಮನೆ ಉದ್ದ ಇದ್ದರೆ ಇಷ್ಟು ಸಾಲದು. ಆಗ ಜನ ಅಂಗಡಿಗೆ ಹೋಗಿ ಎಕ್ಸ್‌ಟೆಂಡರ್ (ಬಂದ ವೈಫೈಯನ್ನೇ ಹಿಡಿದು ಮುಂದೆ ಕಳಿಸುವ ಡಬ್ಬಿ) ತರುತ್ತಾರೆ, ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಸಿಕ್ಕಿಸುತ್ತಾರೆ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಅದು ಮುಂದೆ ಕೊಡುವುದಾದರೂ ಏನನ್ನು? ನಡುವೆ ಇಟ್ಟರೂ ಕಡಿಮೆ ಬೆಲೆಯದ್ದು ಒಂದೇ ರೇಡಿಯೋದಲ್ಲಿ ಕೇಳಬೇಕು, ಅದರಲ್ಲೇ ಹೇಳಬೇಕು, ವೇಗ ಅರ್ಧಕ್ಕೆ ಬೀಳುತ್ತದೆ. ಮೆಶ್ ಅಂತ ಬರುವ ಜೋಡಿ ಡಬ್ಬಿಗಳು ಇದಕ್ಕಿಂತ ವಾಸಿ, ಆದರೆ ಅವೂ ಗಾಳಿಯಲ್ಲೇ ಮಾತಾಡಿಕೊಂಡರೆ ನಮ್ಮ ಗೋಡೆಯ ಎದುರು ಏದುಸಿರು ಬಿಡುತ್ತವೆ. ನನ್ನ ಪ್ರಕಾರ ನಮ್ಮ ಮನೆಗಳಿಗೆ ಗಟ್ಟಿ ದಾರಿ ಒಂದೇ, ರೂಟರಿನಿಂದ ಹಿಂದಿನ ಕೋಣೆಗೆ ಲ್ಯಾನ್ ತಂತಿ (ನೆಟ್ ಒಯ್ಯುವ ತಾಮ್ರದ ತಂತಿ) ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್, ಅಂದರೆ ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವ ಡಬ್ಬಿ, ಇಡುವುದು. ಕ್ಯಾಟ್ 6 ಅನ್ನುವ ಬಗೆಯ ಲ್ಯಾನ್ ತಂತಿ 100 ಮೀಟರ್‌ವರೆಗೆ ನಡೆಯುತ್ತದೆ, ಯಾವ ಮನೆಗೂ ಸಾಕು. ಹಳೇ ರೂಟರ್ ಇದ್ದರೆ ಅದೇ ಆಗುತ್ತದೆ. ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಮೊದಲ ರೂಟರಿನದ್ದೇ ಆಗಿದ್ದರೆ ಬದಲಿಸಿ, ಡಿಎಚ್‌ಸಿಪಿ (ಫೋನುಗಳಿಗೆ ಇಂಥ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ, ತಂತಿಯನ್ನು ಲ್ಯಾನ್ ತೂತಿಗೇ ಹಾಕಬೇಕು. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟರೆ ಓಡಾಡುವಾಗ ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ.

ಗೋಡೆ ಒಡೆಯಬೇಕಲ್ಲ ಅಂತ ಹೆದರುತ್ತಾರೆ. ಹಂಚಿನ ಮನೆಯಲ್ಲಿ ಒಡೆಯುವುದೇ ಬೇಡ! ಮುಚ್ಚಿಗೆಯ ಮೇಲೆ, ಅಟ್ಟದಲ್ಲಿ ತಂತಿ ಎಳೆದು ಬೇಕಾದಲ್ಲಿ ಕೆಳಗೆ ಇಳಿಸಬಹುದು. ಇಲಿ ಕಡಿಯುತ್ತದೆ, ಹಾಗಾಗಿ ಪಿವಿಸಿ ಪೈಪಿನೊಳಗೆ ಹಾಕಿಸಿ. ತಾರಸಿ ಮನೆಯವರಿಗೇ ಇದು ಕಷ್ಟ.

ಸಿಡಿಲಿನ ವಿಷಯ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಬಂತೆಂದರೆ ನಮ್ಮಲ್ಲಿ ರೂಟರ್ ಸುಟ್ಟು ಹೋಯಿತು ಅನ್ನೋದು ಮನೆಮನೆಯ ಮಾತು. ಹತ್ತಿರ ಸಿಡಿಲು ಬಿದ್ದರೆ ತಾಮ್ರದ ಉದ್ದ ತಂತಿಯಲ್ಲಿ ಕರೆಂಟ್ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಮನೆಯಿಂದ ಬೇರೆಯಾಗಿರುವ ಕೊಟ್ಟಿಗೆಗೋ ಗೋಡೌನಿಗೋ ಹೊರಗಿಂದ ಲ್ಯಾನ್ ತಂತಿ ಹಾಯಿಸಬೇಡಿ, ಆ ತುಂಡಿಗೆ ಲೋಹದ ತಂತಿ ಇಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ತಂತಿಗೆ ಜೋಡಿಸುವ ಡಬ್ಬಿ) ಸಾಕು. ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರ್ ಕಿತ್ತಿಡುವುದು ಎಲ್ಲರಿಗೂ ಗೊತ್ತು, ಆದರೆ ಒಳಗಿನ ಲ್ಯಾನ್ ತಂತಿಯನ್ನೂ ಕೀಳಬೇಕು ಅನ್ನೋದು ಮರೆಯುತ್ತದೆ.

ಇನ್ನು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗಲೇ ಫೋನ್ ಜಾಸ್ತಿ ಬೇಕಾಗುವುದು. ರೂಟರಿಗೆಂದೇ 12 ವೋಲ್ಟಿನ ಪುಟ್ಟ ಬ್ಯಾಟರಿ ಯುಪಿಎಸ್ ಸಿಗುತ್ತದೆ. ಹಿಂದಿನ ಕೋಣೆಯ ಡಬ್ಬಿಗೂ ಕರೆಂಟ್ ಬೇಕು ಅನ್ನೋದು ನೆನಪಿರಲಿ. ಪಿಒಇ (ಪವರ್ ಓವರ್ ಈಥರ್‌ನೆಟ್) ಇರುವ ಆಕ್ಸೆಸ್ ಪಾಯಿಂಟ್ ತಂದರೆ ಲ್ಯಾನ್ ತಂತಿಯಲ್ಲೇ ಕರೆಂಟೂ ಹೋಗುತ್ತದೆ, ಆ ಪಿಒಇ ಅಡಾಪ್ಟರನ್ನು ರೂಟರ್ ಪಕ್ಕದ ಇನ್ವರ್ಟರ್ ಪ್ಲಗ್ಗಿಗೆ ಹಾಕಿದರೆ ಸಾಕು.

ಇಷ್ಟೆಲ್ಲ ಬರೆದದ್ದು ಎರಡು ಬೇಡಿಕೆ ಇಡಲಿಕ್ಕೆ. ಫೈಬರ್ ಕೊಡುವ ಕಂಪನಿಯವರು, ಊರಿನ ಕೇಬಲ್ ಆಪರೇಟರುಗಳು ದಯವಿಟ್ಟು ಮೊಳೆ ಹೊಡೆಯುವ ಮೊದಲು ಮನೆಯವರ ಜೊತೆ ಒಮ್ಮೆ ಒಳಗೆ ಓಡಾಡಿ. ಮನೆಯವರು ಜಾಸ್ತಿ ಹೊತ್ತು ಇರುವುದೆಲ್ಲಿ, ಮಲಗುವುದೆಲ್ಲಿ ಅಂತ ಕೇಳಿ, ರೂಟರಿಗೆ ಜಾಗ ಹುಡುಕಿ. ಹೊರಡುವ ಮೊದಲು ಅಡುಗೆಮನೆಯಿಂದ ಒಂದು ವೈಫೈ ಕಾಲ್ ಮಾಡಿ ತೋರಿಸಿ, ಅಜ್ಜ ಅಜ್ಜಿಯ ಫೋನಿನಲ್ಲಿ ಆ ಸೆಟ್ಟಿಂಗ್ ಆನ್ ಮಾಡಿಕೊಡಿ. ಮುಂದೆ ದೂರು ಬಂದಾಗಲೂ ಮೊದಲು ಲ್ಯಾಪ್‌ಟಾಪನ್ನು ತಂತಿಯಲ್ಲಿ ರೂಟರಿಗೆ ಸಿಕ್ಕಿಸಿ ನೋಡಿ. ಅಲ್ಲಿ ವೇಗ ಸರಿ ಇದ್ದರೆ ತೊಂದರೆ ಲೈನಿನದ್ದಲ್ಲ, ಮನೆಯೊಳಗಿನದು ಅಂತ ಅಲ್ಲೇ ಗೊತ್ತಾಗುತ್ತದೆ. ಎರಡನೆಯದು, ಹೊಸ ಮನೆ ಕಟ್ಟಿಸುವವರಿಗೆ, ಇಂಜಿನಿಯರುಗಳಿಗೆ, ವೈರಿಂಗ್ ಮಾಡುವವರಿಗೆ. ಲೈಟು ಫ್ಯಾನಿಗೆ ಪೈಪ್ ಹಾಕುವ ದಿನವೇ ನಡುಮನೆಯಿಂದ ಮೆತ್ತಿಗೂ ಹಿಂದಿನ ಕೋಣೆಗೂ ಒಂದೊಂದು ಬೇರೆ ಖಾಲಿ ಪೈಪ್ ಹಾಕಿ. ಕರೆಂಟಿನ ಪೈಪಿನೊಳಗೇ ಲ್ಯಾನ್ ತಂತಿ ತುರುಕಬಾರದು.

ತಂತಿ ಮೀಟರಿಗೆ ಇಷ್ಟು, ಎರಡನೇ ಡಬ್ಬಿ ಕೂರಿಸಲು ಇಷ್ಟು ಅಂತ ಕಂಪನಿಯವರು ದರ ಹೇಳಲಿ. ಕೊಡಲು ನಮ್ಮ ಜನ ತಯಾರಿದ್ದಾರೆ, ಈಗ ಆ ಕೆಲಸ ಮಾಡಿಕೊಡುವವರೇ ಸಿಗುತ್ತಿಲ್ಲ.

ಇಂತಿ,
ಶಿರಸಿ ತಾಲ್ಲೂಕಿನ ಒಬ್ಬ ಓದುಗ