ಶಾಯಿ ಇಲ್ಲದ ಬೆರಳು

ವೆಸ್ಟ್‌ಮೀಡ್, ಸಿಡ್ನಿ
10 ಮೇ 2025

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮಾ, ನೀನು ಕೇಳಿದ ಫೋಟೋ ಕಳಿಸಲು ಆಗಲಿಲ್ಲ. ಇಲ್ಲಿ ಓಟು ಹಾಕಿದವರ ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಹೆಸರು, ವಿಳಾಸ ಕೇಳಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಅಷ್ಟೇ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಕಳಿಸುವುದು ನಮ್ಮ ಮೈಸೂರು. ಆ ಊರಲ್ಲಿ ಹುಟ್ಟಿದವಳು ಬರೀ ಬೆರಳಲ್ಲಿ ಮತಗಟ್ಟೆಯಿಂದ ಹೊರಗೆ ಬಂದಾಗ ಏನೋ ಮರೆತು ಬಂದ ಹಾಗಾಯಿತು.

ಅಪ್ಪ, ಪೌರತ್ವ ತೆಗೆದುಕೊಂಡ ದಿನ ನೀವು ಫೋನಿನಲ್ಲಿ ಕೇಳಿದ್ದು ಇನ್ನೂ ಮನಸ್ಸಿನಲ್ಲಿದೆ. "ಇಲ್ಲಿಯ ಓಟು ಬಿಟ್ಟೆ. ಅಲ್ಲಿಯ ವಿಷಯ ನಿನಗೇನು ಗೊತ್ತು ಅಂತ ಓಟು ಹಾಕ್ತೀಯಮ್ಮ?" ನ್ಯಾಯವಾದ ಪ್ರಶ್ನೆ. ಅದಕ್ಕೇ ನಮ್ಮ ಕ್ಷೇತ್ರದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಿಮಗೆ ಪಾಠ ಒಪ್ಪಿಸುವ ಹಾಗೆ ಬರೆಯುತ್ತಿದ್ದೇನೆ.

ಕ್ಷೇತ್ರದ ಹೆಸರು ಪ್ಯಾರಮಾಟ. ಇಲ್ಲಿಯ ಮೂಲನಿವಾಸಿಗಳಾದ ದರುಗ್ ಜನರ ಮಾತಿನಿಂದ ಬಂದ ಹೆಸರು, ಹಾವುಮೀನು ಇರುವ ಜಾಗ ಅಂತ ಅರ್ಥ. 1901ರಲ್ಲಿ ದೇಶದ ಮೊದಲ ಚುನಾವಣೆಗೆ ಮಾಡಿದ ಕ್ಷೇತ್ರಗಳಲ್ಲಿ ಇದೂ ಒಂದು. ಮೊದಲು ಗೆದ್ದವರು ಜೋಸೆಫ್ ಕುಕ್. ಇಂಗ್ಲೆಂಡಿನಲ್ಲಿ ಒಂಬತ್ತನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದಿದ್ದ ಹುಡುಗ! ಲೇಬರ್ ಪಕ್ಷದಲ್ಲಿ ಶುರು ಮಾಡಿ, ಆಮೇಲೆ ಅದನ್ನು ಬಿಟ್ಟು ಎದುರು ಪಾಳಯಕ್ಕೆ ಹೋದರು. 1913ರಲ್ಲಿ ಪ್ರಧಾನಿಯಾದರು, ಒಂದೇ ಒಂದು ಸೀಟಿನ ಬಹುಮತದಲ್ಲಿ. ಮರುವರ್ಷವೇ ಸರ್ಕಾರ ಹೋಯಿತು. ಆದರೂ 1921ರವರೆಗೆ ಪ್ಯಾರಮಾಟ ಅವರ ಕೈ ಬಿಡಲಿಲ್ಲ.

ಆಮೇಲೆ ಬಹಳ ಕಾಲ ಇದು ದೊಡ್ಡವರ ಮೆಟ್ಟಿಲಾಗಿತ್ತು. ಹೊವಾರ್ಡ್ ಬೀಲ್ ಇಲ್ಲಿಂದ ಅಮೆರಿಕಕ್ಕೆ ರಾಯಭಾರಿಯಾಗಿ ಹೋದರು. ಅವರ ಜಾಗಕ್ಕೆ 1958ರಲ್ಲಿ ಬಂದ ಗಾರ್ಫೀಲ್ಡ್ ಬಾರ್ವಿಕ್ 1964ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು. 1975ರಲ್ಲಿ, ನಮ್ಮಲ್ಲಿ ತುರ್ತು ಪರಿಸ್ಥಿತಿ ಇದ್ದ ವರ್ಷವೇ, ಇಲ್ಲಿ ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್, ಪ್ರಧಾನಿ ವಿಟ್ಲಮ್ ಅವರನ್ನು ವಜಾ ಮಾಡಿದರಲ್ಲ, ಹಾಗೆ ಮಾಡಬಹುದು ಅಂತ ಸಲಹೆ ಕೊಟ್ಟವರು ಇದೇ ಬಾರ್ವಿಕ್. ಅವರ ನಂತರದ ನೈಜೆಲ್ ಬೋವೆನ್ ಕೂಡ ರಾಜೀನಾಮೆ ಕೊಟ್ಟರು, ಮುಂದೆ ನ್ಯಾಯಾಧೀಶರಾದರು. ಪ್ರತಿ ಸಲವೂ ಉಪಚುನಾವಣೆ. ಇದನ್ನು ಓದುವಾಗ ನನಗೆ ಬೇಜಾರಾಯಿತು ಅಪ್ಪ. ಓಟು ಕೊಟ್ಟವರ ಕಷ್ಟ ಸುಖ ಯಾರು ಕೇಳಿದರೋ!

1977ರಲ್ಲಿ ಎಲ್ಲ ತಿರುಗಿತು. ಜನ ಮನಸ್ಸು ಬದಲಾಯಿಸಿದ್ದಕ್ಕಿಂತ ಗಡಿ ಬದಲಾದದ್ದೇ ಜಾಸ್ತಿ ಕೆಲಸ ಮಾಡಿತು. ಇಲ್ಲಿ ಆಗಾಗ ಗಡಿ ಸರಿಪಡಿಸುತ್ತಾರೆ, ಎಲ್ಲ ಕ್ಷೇತ್ರದಲ್ಲೂ ಹೆಚ್ಚುಕಡಿಮೆ ಒಂದೇ ಸಮ ಮತದಾರರು ಇರಲಿ ಅಂತ. ಆ ಸಲ ಲೇಬರ್‌ನ ಎದುರಾಳಿ ಲಿಬರಲ್ ಪಕ್ಷದ ಕಡೆ ವಾಲುತ್ತಿದ್ದ ಬಡಾವಣೆಗಳು ಡಂಡಾಸ್ ಅನ್ನುವ ಹೊಸ ಕ್ಷೇತ್ರಕ್ಕೆ ಹೋದವು. ಲಿಬರಲ್ ಸದಸ್ಯ ಫಿಲಿಪ್ ರಡಕ್ ಕೂಡ ಅತ್ತ ಹೋದರು. ಪ್ಯಾರಮಾಟ ಲೇಬರ್ ಪಕ್ಷದ ಜಾನ್ ಬ್ರೌನ್ ಅವರಿಗೆ ಬಂತು. ನಕ್ಷೆಯ ಮೇಲೆ ಒಂದು ಗೆರೆ ಸರಿದರೆ ಇಷ್ಟು ಆಗುತ್ತದೆ, ಅಲ್ವಾ?

1996ರಲ್ಲಿ ಮತ್ತೆ ಲಿಬರಲ್. 2004ರಲ್ಲಿ ದೇಶ ಲಿಬರಲ್ ಪ್ರಧಾನಿ ಜಾನ್ ಹೊವಾರ್ಡ್ ಅವರನ್ನು ಮತ್ತೆ ಗೆಲ್ಲಿಸಿದಾಗ ಈ ಕ್ಷೇತ್ರ ಎದುರು ಈಜಿ ಲೇಬರ್‌ನ ಜೂಲಿ ಓವೆನ್ಸ್ ಅವರನ್ನು ಆರಿಸಿತು. 2013ರಲ್ಲಿ ಅವರು ಬಚಾವಾದದ್ದು ಶೇಕಡ 51 ಕೂಡ ಮುಟ್ಟದ ಮತದಲ್ಲಿ. 2022ರಲ್ಲಿ ಅವರು ಕಣದಿಂದ ಹಿಂದೆ ಸರಿದಾಗ ಪಕ್ಷ ಸಿಡ್ನಿಯ ಇನ್ನೊಂದು ತುದಿಯ ಶ್ರೀಮಂತ ಬಡಾವಣೆಯಿಂದ ಆಂಡ್ರ್ಯೂ ಚಾರ್ಲ್‌ಟನ್ ಅವರನ್ನು ಕರೆತಂದಿತು. ಟಿಕೆಟ್ ಬಯಸಿದ್ದ ಭಾರತೀಯ ಮೂಲದ ಸ್ಥಳೀಯರಿಗೆ ಸಿಗಲಿಲ್ಲ. ಹ್ಯಾರಿಸ್ ಪಾರ್ಕ್‌ನಲ್ಲಿ ಬೀದಿಗೆ ಬೀದಿಯೇ ನಮ್ಮವರ ಅಂಗಡಿ, ಹೋಟೆಲು. ಇಂಥ ಕಡೆ ಹೀಗೆ ಮಾಡಿದ್ದು ಸರಿಯಲ್ಲ ಅಂತಲೇ ನನಗೆ ಈಗಲೂ ಅನಿಸುತ್ತದೆ. ಆದರೆ ಚಾರ್ಲ್‌ಟನ್ ಗೆದ್ದರು. ಮೊನ್ನೆ ಮೇ 3ರಂದು ಇನ್ನೂ ದೊಡ್ಡ ಅಂತರದಲ್ಲಿ ಗೆದ್ದಿದ್ದಾರೆ.

ಓಟು ಹಾಕುವ ರೀತಿ ನಿಮಗೆ ಇಷ್ಟವಾಗುತ್ತದೆ. ಒಬ್ಬರಿಗೆ ಗುರುತು ಹಾಕಿ ಬರುವುದಲ್ಲ. ಎಲ್ಲ ಅಭ್ಯರ್ಥಿಗಳ ಎದುರೂ ಪೆನ್ಸಿಲ್‌ನಲ್ಲಿ 1, 2, 3 ಅಂತ ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಓಟುಗಳನ್ನು ಅದರಲ್ಲಿ ಬರೆದ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಓಟು ಹಾಕದಿದ್ದರೆ 20 ಡಾಲರ್ ದಂಡ. 1924ರಿಂದ ಇದು ಕಡ್ಡಾಯ. ಶನಿವಾರವೇ ಚುನಾವಣೆ, ಶಾಲೆಯ ಅಂಗಳದಲ್ಲಿ ಮಕ್ಕಳ ತಂದೆ ತಾಯಿ ಕೇಕು, ತಿಂಡಿ ಮಾರುತ್ತಿದ್ದರು.

ಅಲ್ಲಿ ಸಾಲಿನಲ್ಲಿ ನಿಂತಾಗ ನೀವೇ ನೆನಪಾದಿರಿ ಅಪ್ಪ. ಇಲೆಕ್ಷನ್ ಡ್ಯೂಟಿಗೆ ಹಿಂದಿನ ದಿನವೇ ಚೀಲ, ಹೊದಿಕೆ, ಅಮ್ಮನ ಅವಲಕ್ಕಿ ಡಬ್ಬಿ ಹಿಡಿದು ಹೊರಡುತ್ತಿದ್ದಿರಿ. ಮತಪೆಟ್ಟಿಗೆ ಒಪ್ಪಿಸಿ ನಡುರಾತ್ರಿ ಬಂದರೆ ಬೂಟಿನ ತುಂಬ ಕೆಂಪು ಮಣ್ಣು. ಆರು ಹೆಸರೋ ಏಳು ಹೆಸರೋ, ಒಂದೊಂದನ್ನೂ ಎರಡು ಸಲ ಓದಿ ನಂಬರ್ ಬರೆದೆ. ಯಾರಿಗೆ ಅಂತ ಕೇಳಬೇಡಿ, ಗುಟ್ಟು ಗುಟ್ಟೇ ಅಂತ ಕಲಿಸಿದವರು ನೀವು.

ಮೊಣಕಾಲು ನೋವು ಅಂತ ಸುಮ್ನೆ ಮನೆಯಲ್ಲಿ ಕೂರಬೇಡಿ. ಮುಂದಿನ ಚುನಾವಣೆಗೆ ತಮ್ಮನ ಸ್ಕೂಟರಿನಲ್ಲಿ ಹೋಗಿ. ಬಂದ ತಕ್ಷಣ ನೀವಿಬ್ಬರೂ ಎಡಗೈ ಬೆರಳು ಎತ್ತಿ ಹಿಡಿದು ಒಂದು ಫೋಟೋ ಕಳಿಸಿ.

ನಿಮ್ಮ ಪ್ರೀತಿಯ ಮಗಳು