ದಪ್ಪ ಜಲ್ಲೆಯ ಸಸಿಗೆ ಇನ್ನು ಜಾಸ್ತಿ ದರ ಇಲ್ಲ

ನಮ್ಮ ಕಬ್ಬು ಸಸಿ ನರ್ಸರಿಯ ಎಲ್ಲ ರೈತ ಗ್ರಾಹಕರಿಗೆ ನಮಸ್ಕಾರ.

ಇಷ್ಟು ದಿನ ‘ಆಯ್ದ ಕಣ್ಣಿನ ಸಸಿ’ ಎಂದು ಹೇಳಿ ಒಂದು ಸಸಿಗೆ ಐವತ್ತು ಪೈಸೆ ಜಾಸ್ತಿ ತೆಗೆದುಕೊಳ್ಳುತ್ತಿದ್ದೆವು. ಬಿತ್ತನೆ ತಾಕಿನಲ್ಲಿ ದಪ್ಪ ಜಲ್ಲೆಗಳನ್ನೇ ಆರಿಸಿ, ಗಂಟಿನಲ್ಲಿ ಮೊಳಕೆ ಬರುವ ಕಣ್ಣು ಕತ್ತರಿಸಿ ಟ್ರೇಗೆ ಹಾಕುತ್ತಿದ್ದೆವು. ಈ ಹಂಗಾಮಿನಿಂದ ಅದನ್ನು ನಿಲ್ಲಿಸಿದ್ದೇವೆ. ಒಂದು ತಳಿಗೆ ಒಂದೇ ದರ.

ಕಬ್ಬನ್ನು ನಾವು ಬೀಜದಿಂದ ಬೆಳೆಯುವುದಿಲ್ಲ, ತುಂಡಿನಿಂದ ಬೆಳೆಯುತ್ತೇವೆ. ಕೋ-86032 ತಳಿಯ ದಪ್ಪ ಜಲ್ಲೆಯ ಕಣ್ಣಾಗಲಿ, ಸಣ್ಣ ಜಲ್ಲೆಯ ಕಣ್ಣಾಗಲಿ, ಒಳಗಿನ ಗುಣ ಒಂದೇ. ಕಾಲುವೆ ಬದಿಯ ಸಾಲು ದಪ್ಪ ಬರುವುದು ನೀರು, ಗೊಬ್ಬರ, ಬಿಸಿಲಿನಿಂದ. ಅದು ಸಸಿಯ ಜೊತೆ ನಿಮ್ಮ ಹೊಲಕ್ಕೆ ಬರುವುದಿಲ್ಲ. ಇಷ್ಟು ಸುಲಭದ ವಿಷಯ ನಮ್ಮ ತಲೆಗೆ ತಡವಾಗಿ ಹೊಳೆಯಿತು.

ತಳಿ ಆರಿಸುವಾಗಲೂ ದಪ್ಪ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಐದಡಿ ಸಾಲು, ಎರಡಡಿಗೊಂದು ಸಸಿ ಅಂದರೆ ಎಕರೆಗೆ 4,356 ಸಸಿ. ಬುಡಕ್ಕೆ 5 ಜಲ್ಲೆ, ಒಂದೊಂದು 1.6 ಕೆಜಿ ಎಂದುಕೊಳ್ಳಿ. ಸುಮಾರು 35 ಟನ್. ಬುಡಕ್ಕೆ 9 ಜಲ್ಲೆ, ಒಂದೊಂದು ಬರೀ 1.2 ಕೆಜಿ ಆದರೂ 47 ಟನ್! ತಳಿ ಅಭಿವೃದ್ಧಿ ಮಾಡುವವರು ಅರೆಯಲು ಬರುವ ಜಲ್ಲೆಗಳನ್ನು ಎಣಿಸುತ್ತಾ ಕೂರುವುದು ಇದಕ್ಕೇ. ಆದರೆ ಬುಡದಿಂದ ಒಡೆದ ಮರಿಯೆಲ್ಲ ಜಲ್ಲೆ ಆಗುವುದಿಲ್ಲ. ನೆರಳಿಗೆ ಸಿಕ್ಕಿದ್ದು ಅರ್ಧದಲ್ಲೇ ಒಣಗುತ್ತದೆ. ಮರಿ ತೀರಾ ಜಾಸ್ತಿಯಾದರೆ ಉಳಿದ ಜಲ್ಲೆಯೂ ಸೊರಗುತ್ತದೆ. ಹಾಗಾಗಿ ಮೂರು ತಿಂಗಳಿಗೆ ಮರಿ ಎಣಿಸಿ ಖುಷಿಪಡಬೇಡಿ, ಕಟಾವಿಗೆ ಮುಂಚೆ ಎಣಿಸಿ.

ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಕೊಳ್ಳುವ ದಪ್ಪ ಕಬ್ಬು ಇದೆಯಲ್ಲ, ತಿನ್ನಲು ಅದರಷ್ಟು ರುಚಿ ಬೇರೆ ಇಲ್ಲ. ಆದರೆ ಅಂಥ ಕಬ್ಬಿಗೆ ಆರೈಕೆ ಜಾಸ್ತಿ ಬೇಕು. 1912ರಲ್ಲಿ ಶುರುವಾದ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದವರು ದಪ್ಪ ಸಿಹಿ ಕಬ್ಬನ್ನು ಹುಲ್ಲಿನಂತೆ ತೆಳ್ಳಗಿರುವ ಕಾಡು ಕಬ್ಬಿನ ಜೊತೆ ಸೇರಿಸಿ ಕೋ-205 ತಂದರು. ಸಿಹಿ ಒಂದು ಕಡೆಯದು, ಮರಿ ಒಡೆಯುವ ಶಕ್ತಿ ಮತ್ತು ಗಟ್ಟಿತನ ಇನ್ನೊಂದು ಕಡೆಯದು. ತಳಿಯ ಹೆಸರಿನ ‘ಕೋ’ ಆ ಊರಿನದೇ.

ಆಲೆಮನೆ ಇಟ್ಟುಕೊಂಡವರಿಗೆ ತೂಕದ ಜೊತೆ ರಸದ ಸಿಹಿಯೂ ಮುಖ್ಯ ಅಲ್ವಾ? ಅಂಥವರು ಬುಕಿಂಗ್ ಮಾಡುವಾಗಲೇ ಹೇಳಿ, ಬ್ರಿಕ್ಸ್ (ರಸದ ಸಿಹಿಯ ಅಳತೆ) ನೋಡಿದ ತಾಕಿನ ಸಸಿ ಕೊಡುತ್ತೇವೆ.

ಇನ್ನು ಮುಂದೆ ಕಣ್ಣು ತೆಗೆಯುವುದು ಏಳೆಂಟು ತಿಂಗಳ ಬಿತ್ತನೆ ತಾಕಿನಿಂದ ಮಾತ್ರ. ಜಲ್ಲೆ ಸೀಳಿದಾಗ ಒಳಗೆ ಕೆಂಪು ಕಂಡರೆ ಆ ತಾಕನ್ನೇ ಬಿಡುತ್ತೇವೆ, ಕೆಂಪು ಕೊಳೆ ರೋಗ ತುಂಡಿನ ಜೊತೆಯೇ ಊರೂರು ಸುತ್ತುತ್ತದೆ. ದಪ್ಪ ಆರಿಸಲು ಹೋಗುತ್ತಿದ್ದ ಕೂಲಿ ಈಗ ಈ ಕೆಲಸಕ್ಕೆ.

ಈ ಹಂಗಾಮಿಗೆ ಹಳೆಯ ದರದಲ್ಲಿ ಮುಂಗಡ ಕೊಟ್ಟವರ ಜಾಸ್ತಿ ಹಣವನ್ನು ಬಾಕಿಯಲ್ಲಿ ಕಳೆಯುತ್ತೇವೆ, ರಸೀದಿ ತನ್ನಿ. ಬರುವಾಗ ಖಾಲಿ ಟ್ರೇಗಳನ್ನೂ ಮರೆಯಬೇಡಿ.

ನಿಮ್ಮ ಕಬ್ಬು ಸಸಿ ನರ್ಸರಿ ಬಳಗ
ಕುಣಿಗಲ್, ತುಮಕೂರು ಜಿಲ್ಲೆ